ಮೆರವಣಿಗೆಯ ದಾರಿಯೂ ಬುಕ್ಕರಾಯನ ಕಲ್ಲೂ

ಹೊಸ ಸರ್ಕಾರ ಬಂದಾಗಲೆಲ್ಲ ಪ್ರಮಾಣವಚನದ ಕಾರ್ಯಕ್ರಮವನ್ನು ಟಿವಿಯಲ್ಲಿ ಪೂರ್ತಿ ನೋಡುತ್ತೇನೆ. ಯಾರಿಗೆ ಯಾವ ಖಾತೆ ಅನ್ನುವ ಕುತೂಹಲಕ್ಕಲ್ಲ, ಆ ಒಂದು ಮಾತಿಗೋಸ್ಕರ. ಕೆಲವರು ದೇವರ ಹೆಸರಿನಲ್ಲಿ ಅನ್ನುತ್ತಾರೆ, ಕೆಲವರು ಸತ್ಯನಿಷ್ಠೆಯಿಂದ ಅನ್ನುತ್ತಾರೆ. ಮನೆದೇವರ ಹೆಸರು, ಮಠದ ಗುರುಗಳ ಹೆಸರು, ಬಸವಣ್ಣನ ಹೆಸರು ಸೇರಿಸುವವರೂ ನಮ್ಮಲ್ಲಿದ್ದಾರೆ. ಆಮೇಲೆ ಎಲ್ಲರೂ ಒಂದೇ ಕಡೆ ಬರುತ್ತಾರೆ: ಭಯ ಇಲ್ಲದೆ, ಪಕ್ಷಪಾತ ಇಲ್ಲದೆ, ರಾಗದ್ವೇಷ ಇಲ್ಲದೆ ಎಲ್ಲ ಬಗೆಯ ಜನರಿಗೂ ನ್ಯಾಯ ಮಾಡುತ್ತೇನೆ ಅಂತ. ಸಹಿ ಹಾಕಿ ಕೈಮುಗಿದು ಇಳಿಯುತ್ತಾರೆ. ಎರಡು ದಿನ ಕಳೆಯುವುದರೊಳಗೆ ಅವರೇ ಯಾವುದೋ ದೇವಸ್ಥಾನದಲ್ಲೋ ಮಠದಲ್ಲೋ ಹಾರ ಹಾಕಿಸಿಕೊಂಡು ನಿಂತ ಫೋಟೋ ಪೇಪರಿನಲ್ಲಿ ಬರುತ್ತದೆ. ಅದರಲ್ಲಿ ತಪ್ಪೇನೂ ಇಲ್ಲ. ದೊಡ್ಡ ಜವಾಬ್ದಾರಿ ಹೊತ್ತವರು ದೇವರ ಮುಂದೆ ಹೋಗಿ ನಿಲ್ಲಬೇಕು ಅಂತ ನನಗೂ ಅನ್ನಿಸುತ್ತದೆ.

ಆದರೆ ನನ್ನ ಪ್ರಶ್ನೆ ಅಲ್ಲಿಂದಲೇ ಶುರುವಾಗುತ್ತದೆ. ದೇವರ ಹೆಸರು ಹೇಳಿ ಅಧಿಕಾರ ಹಿಡಿದವರ ಮೇಲೆ ದೇವರ ಋಣ ಎಂಥದ್ದು? ಜೀರ್ಣೋದ್ಧಾರಕ್ಕೆ ಅನುದಾನ ಕೊಟ್ಟರೆ, ತೇರಿನ ದಿನ ಬಂದು ಮಿಣಿ ಮುಟ್ಟಿದರೆ, ಹೋಮ ಮಾಡಿಸಿದರೆ ಅದು ತೀರುತ್ತಾ? ಇದಕ್ಕೆ ಇನ್ನೊಂದು ಕಡೆಯವರ ಉತ್ತರವೂ ಇದೆ. ಆಳುವವರ ಧರ್ಮ ಅವರ ಮನೆಯೊಳಗೇ ಇರಲಿ, ಕಚೇರಿಗೆ ಬಂದಮೇಲೆ ಯಾರ ಕಡೆಯೂ ನೋಡದೆ ಕಾನೂನು ನಡೆಸಲಿ, ಅಷ್ಟೇ ಸಾಕು ಅಂತ. ಬಹಳ ವರ್ಷ ಈ ಎರಡನೇ ಮಾತೇ ಸರಿ ಅನ್ನುವವರ ಜೊತೆ ನಾನು ವಾದಕ್ಕೆ ಹೋಗುತ್ತಿರಲಿಲ್ಲ. ಈಗ ಹೋಗುತ್ತೇನೆ. ಯಾಕೆ ಅಂತ ಹೇಳಬೇಕಾದರೆ ಒಂದು ಶಾಂತಿ ಸಭೆಯ ವಿಷಯ ಹೇಳಬೇಕು.

ಎರಡೂ ಕಡೆಯವರು ಸಹಕರಿಸಬೇಕು

ಗಣಪತಿ ಹಬ್ಬ ಮತ್ತು ಈದ್ ಮಿಲಾದ್ ಹತ್ತಿರ ಹತ್ತಿರ ಬಂದ ವರ್ಷ. ತಾಲ್ಲೂಕು ಕೇಂದ್ರದಲ್ಲಿ ಎಂದಿನಂತೆ ಶಾಂತಿ ಸಭೆ ಕರೆದಿದ್ದರು. ನಮ್ಮ ಬೀದಿಯ ಗಣಪತಿ ಸಮಿತಿಯವರ ಜೊತೆ ನಾನೂ ಹೋಗಿ ಕೂತಿದ್ದೆ. ನೀವೂ ಇಂಥ ಸಭೆ ನೋಡಿರುತ್ತೀರಿ. ವೇದಿಕೆ ಮೇಲೆ ಸಾಹೇಬರು, ಒಂದು ಪಕ್ಕ ನಾವು, ಇನ್ನೊಂದು ಪಕ್ಕ ಅವರು, ಮಧ್ಯೆ ಓಡಾಡಲು ಬಿಟ್ಟ ಜಾಗ. ಪೇಪರ್ ಕಪ್ಪಿನಲ್ಲಿ ಟೀ, ತಟ್ಟೆಯಲ್ಲಿ ಬಿಸ್ಕತ್ತು. ಡಿಜೆ ಎಷ್ಟು ಹೊತ್ತಿನವರೆಗೆ, ಮೆರವಣಿಗೆ ಯಾವ ದಾರಿ, ಬೆಸ್ಕಾಂ ಒಪ್ಪಿಗೆ ಪತ್ರ ಬಂತಾ, ಇಷ್ಟರಲ್ಲೇ ಅರ್ಧ ಹೊತ್ತು ಹೋಯಿತು. ಆಮೇಲೆ ಆ ಪಕ್ಕದಿಂದ ಒಬ್ಬ ಹಿರಿಯರು ಎದ್ದು ನಿಂತರು. ಪೇಟೆ ಬೀದಿಯಲ್ಲಿ ಬಳೆ ಅಂಗಡಿ ಇಟ್ಟವರು. ಊರಿನಲ್ಲಿ ಎಲ್ಲರಿಗೂ ಚಾಚಾ. ಗೌರಿ ಹಬ್ಬದ ಬಾಗಿನದ ಬಳೆ ನಮ್ಮ ಕಡೆಯ ಅರ್ಧ ಮನೆಗಳಿಗೆ ಅವರ ಅಂಗಡಿಯಿಂದಲೇ ಹೋಗುವುದು.

"ಸಾರ್, ನಂದು ಒಂದೇ ಮಾತು" ಅಂದರು. "ಹೋದ ವರ್ಷ ಮೆರವಣಿಗೆ ನಮ್ಮ ಅಂಗಡಿ ಮುಂದೆ ಬಹಳ ಹೊತ್ತು ನಿಂತಿತ್ತು. ಶಟರ್ ಬಗ್ಗೋಯ್ತು. ಒಳಗೆ ಶೋಕೇಸಿನ ಗಾಜು ಹೋಯ್ತು. ನಾನು ಯಾರ ಮೇಲೂ ಕಂಪ್ಲೇಂಟ್ ಕೊಟ್ಟಿಲ್ಲ, ಕೊಡೋದೂ ಇಲ್ಲ. ಈ ಸಲ ಅಲ್ಲಿ ನಿಲ್ಲಬೇಡಿ ಅಂತ ಒಂದು ಮಾತು ಹೇಳಿ, ಸಾಕು."

ಸಾಹೇಬರು ಒಳ್ಳೆಯವರೇ. ದನಿ ಎತ್ತಿ ಮಾತಾಡುವವರಲ್ಲ. "ನೋಡಿ ಹಿರಿಯರೇ, ಎರಡೂ ಕಡೆಯವರು ಸಹಕರಿಸಬೇಕು. ನೀವೂ ಆ ದಿನ ಅಂಗಡಿ ಸ್ವಲ್ಪ ಬೇಗ ಮುಚ್ಚಿಬಿಡಿ" ಅಂದರು. ಚಾಚಾ ಏನೂ ಅನ್ನದೆ ಕೂತರು. ಯಾರೋ ಚಪ್ಪಾಳೆ ತಟ್ಟಿದರು. ಮುಂದಿನ ವಿಷಯಕ್ಕೆ ಹೋದರು.

ಅಲ್ಲಿ ಯಾವ ಕಾನೂನೂ ಮುರಿಯಲಿಲ್ಲ. ಪಕ್ಷಪಾತ ಅಂತ ಯಾರೂ ಬೆರಳು ತೋರಿಸುವ ಹಾಗಿಲ್ಲ, ಯಾಕೆಂದರೆ ಮಾತು ಎರಡೂ ಕಡೆಗೂ ಸಮನಾಗಿ ಹಂಚಿತ್ತು. ಆದರೆ ನಷ್ಟ ಸಮನಾಗಿ ಹಂಚಿರಲಿಲ್ಲ ಅಲ್ವಾ? ಗಾಜು ಒಡೆದದ್ದು ಒಂದೇ ಕಡೆ. ಬೇಗ ಮುಚ್ಚಬೇಕಾದ ಅಂಗಡಿಯೂ ಅದೇ ಕಡೆಯದು. ಬಲ ಇದ್ದವರನ್ನೂ ಇಲ್ಲದವರನ್ನೂ ಒಂದೇ ತಕ್ಕಡಿಯಲ್ಲಿಟ್ಟು, ನಾನು ಯಾರ ಕಡೆಯೂ ಇಲ್ಲ ಅಂತ ಹೇಳಿ ಆಳುವವರು ಎದ್ದು ಹೋದರೆ, ಅವರು ಬಲ ಇದ್ದವರ ಕಡೆಗೇ ಇದ್ದ ಹಾಗಾಯಿತು. ಇದು ಧರ್ಮದಿಂದ ದೂರ ನಿಲ್ಲುವುದೂ ಅಲ್ಲ, ನ್ಯಾಯವೂ ಅಲ್ಲ. ಕೆಲಸದಿಂದ ನುಣುಚಿಕೊಳ್ಳುವುದು.

ಭಂಡಾರಿ ಬಸದಿ

ಶ್ರವಣಬೆಳಗೊಳಕ್ಕೆ ಹೋದವರೆಲ್ಲ ಬೆಟ್ಟ ಹತ್ತುತ್ತಾರೆ. ಕೆಳಗೆ ಊರೊಳಗಿನ ಭಂಡಾರಿ ಬಸದಿಗೆ ಹೋಗುವವರು ಕಡಿಮೆ. ಹೊಯ್ಸಳ ನರಸಿಂಹನ ಭಂಡಾರಿ ಹುಳ್ಳ 1159ರಲ್ಲಿ ಕಟ್ಟಿಸಿದ ಬಸದಿ ಅದು. ಒಳಗೆ 24 ತೀರ್ಥಂಕರರು ಸಾಲಾಗಿ ನಿಂತಿದ್ದಾರೆ. ಅಲ್ಲಿ ವಿಜಯನಗರದ ಅರಸ ಬುಕ್ಕರಾಯನ 1368ರ ಶಾಸನ ಇದೆ. ಸ್ಕೂಲಿನಲ್ಲಿ ನಾವೆಲ್ಲ ಒಂದೇ ಸಾಲಿನಲ್ಲಿ ಓದಿ ಮುಗಿಸಿದ್ದು: ಬುಕ್ಕರಾಯ ಜೈನರಿಗೂ ವೈಷ್ಣವರಿಗೂ ರಾಜಿ ಮಾಡಿಸಿದ. ಎರಡು ಮಾರ್ಕಿನ ಪ್ರಶ್ನೆ. ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡುವ ಗೆಳೆಯನೊಬ್ಬ ನನ್ನ ಜೊತೆ ಬಂದಿದ್ದ. ಅಚ್ಚಾದ ಪಾಠವನ್ನು ಮೊಬೈಲಿನಲ್ಲಿ ಇಟ್ಟುಕೊಂಡು ನಿಧಾನಕ್ಕೆ ಓದಿ ಹೇಳಿದ. ಆ ಎರಡು ಮಾರ್ಕಿನ ಉತ್ತರದಲ್ಲಿ ಎಷ್ಟೆಲ್ಲ ಬಿಟ್ಟುಹೋಗಿದೆ ಅಂತ ಅವತ್ತು ತಿಳಿಯಿತು.

ಮೊದಲನೆಯದಾಗಿ, ಅದು ಸುಮ್ನೆ ನಡೆದ ರಾಜಿ ಅಲ್ಲ. ದೂರು ಬಂದಿತ್ತು. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹ ಮುಂತಾದ ಊರುಗಳ ಜೈನರು ಒಟ್ಟಾಗಿ ಬಂದು, ಭಕ್ತರು ತಮಗೆ ಮಾಡುತ್ತಿರುವ ಅನ್ಯಾಯಗಳನ್ನು ಅರಸನಿಗೆ ಬಿನ್ನಹ ಮಾಡಿದರು ಅಂತ ಶಾಸನ ನೇರವಾಗಿ ಹೇಳುತ್ತದೆ. ಭಕ್ತರು ಅಂದರೆ ಶ್ರೀವೈಷ್ಣವರು. ಅನ್ಯಾಯ ಅನ್ನುವ ಪದ ಕಲ್ಲಿನ ಮೇಲೇ ಇದೆ. ಯಾರಿಂದ ಅನ್ನುವುದೂ ಇದೆ. ಇವತ್ತಿನ ಯಾವ ಸರ್ಕಾರಿ ನಡವಳಿಯಲ್ಲಿ ಹೀಗೆ ಬರೆದಾರು?

ಜಗಳ ಯಾವುದಕ್ಕೆ? ತೀರ್ಪನ್ನು ನೋಡಿದರೆ ತಿಳಿಯುತ್ತದೆ. ಹಿಂದಿನಿಂದ ನಡೆದುಬಂದ ಹಾಗೆ ಜೈನ ದರ್ಶನಕ್ಕೆ, ಅಂದರೆ ಜೈನ ಮತಕ್ಕೆ, ಪಂಚಮಹಾವಾದ್ಯಗಳೂ ಕಳಶವೂ ಸಲ್ಲಬೇಕು ಅಂತ ಅದರಲ್ಲಿದೆ. ಅಂದರೆ ವಾದ್ಯ. ಮೆರವಣಿಗೆ. ಯಾರ ಬೀದಿಯಲ್ಲಿ ಯಾರು ಬಾರಿಸಬಹುದು, ಯಾರ ಉತ್ಸವದಲ್ಲಿ ಕಳಶ ಹೊರಬಹುದು ಅನ್ನುವ ಜಗಳ. 650 ವರ್ಷ ಕಳೆದರೂ ತಾಲ್ಲೂಕು ಕಚೇರಿಯ ಮೇಜಿನ ಮೇಲಿರುವ ಕಾಗದ ಅದೇ.

ಬುಕ್ಕರಾಯನ ಸ್ಥಿತಿಯನ್ನೂ ಯೋಚಿಸಿ. ರಾಜ್ಯ ಹುಟ್ಟಿ ಮೂವತ್ತು ಚಿಲ್ಲರೆ ವರ್ಷ. ಉತ್ತರದಲ್ಲಿ ಬಹಮನಿಯರ ಜೊತೆ ದೊಡ್ಡ ಯುದ್ಧ ಮುಗಿದು ಬಹಳ ಕಾಲ ಆಗಿಲ್ಲ. ಜೈನರ ಹಳೆಯ ಪ್ರಭಾವ ಕರಗಿತ್ತು. ಗಂಗರ ಕಾಲದಲ್ಲಿ, ಹೊಯ್ಸಳರ ಮೊದಲ ಕಾಲದಲ್ಲಿ ಇದ್ದ ಹಾಗೆ ಅವರು ಆಸ್ಥಾನದ ತುಂಬ ಇರಲಿಲ್ಲ. ಎದುರಿಗೆ ಶ್ರೀರಂಗ, ತಿರುಮಲೆ, ಕಂಚಿ, ಮೇಲುಕೋಟೆಯ ಆಚಾರ್ಯರು, ಹದಿನೆಂಟು ನಾಡಿನ ಶ್ರೀವೈಷ್ಣವರು. ಅರಸನ ಕುಲದೈವ ವಿರೂಪಾಕ್ಷ. ಅವನು ಆ ಕಡೆಗೂ ಸೇರಿದವನಲ್ಲ, ಈ ಕಡೆಗೂ ಸೇರಿದವನಲ್ಲ. ಎರಡೂ ಕಡೆಯವರು ಸಹಕರಿಸಬೇಕು ಅಂತ ಹೇಳಿ ಕಳಿಸಲು ಅವನಷ್ಟು ಅನುಕೂಲ ಇದ್ದವರು ಯಾರೂ ಇರಲಿಲ್ಲ.

ಅವನು ಮಾಡಿದ್ದು ಬೇರೆ. ಆ ಸಭೆಯಲ್ಲಿ ಜೈನರ ಕೈ ಹಿಡಿದು ವೈಷ್ಣವರ ಕೈಯಲ್ಲಿ ಇಟ್ಟ. ವೈಷ್ಣವ ದರ್ಶನಕ್ಕೂ ಜೈನ ದರ್ಶನಕ್ಕೂ ಭೇದವಿಲ್ಲ ಅಂದ. ಇಷ್ಟನ್ನು ಪಾಠದಲ್ಲಿ ಹೇಳಿಕೊಡುತ್ತಾರೆ. ಇದರ ಮುಂದಿನದೇ ನನಗೆ ಮುಖ್ಯ. ಭಕ್ತರ ದೆಸೆಯಿಂದ ಜೈನ ದರ್ಶನಕ್ಕೆ ಹಾನಿಯಾಗಲಿ ವೃದ್ಧಿಯಾಗಲಿ, ಅದನ್ನು ವೈಷ್ಣವರು ತಮ್ಮದೇ ಹಾನಿ, ತಮ್ಮದೇ ವೃದ್ಧಿ ಅಂತ ತಿಳಿದು ಪಾಲಿಸಬೇಕು. ಕೈ ಹಿಡಿಸುವುದು ಫೋಟೋಗೂ ಆಗುತ್ತದೆ. ಹಾನಿಯ ಲೆಕ್ಕವನ್ನು ಬಲ ಇದ್ದವರ ಖಾತೆಗೆ ಬರೆಯುವುದು ಫೋಟೋಗೆ ಆಗುವ ಕೆಲಸ ಅಲ್ಲ. ಬಸದಿಯ ಗೋಡೆ ಬಿದ್ದರೆ ಬಿದ್ದದ್ದು ನಿಮ್ಮದು ಅಂತ ಮೇಲುಕೋಟೆಯವರಿಗೆ ಹೇಳಿದ ಹಾಗೆ ಅದು. ನಮ್ಮ ಸಭೆಯಲ್ಲಿ ಚಾಚಾ ಕೂತ ಮೇಲೆ ಸಾಹೇಬರು ನಮ್ಮ ಪಕ್ಕಕ್ಕೆ ತಿರುಗಿ, ಆ ಗಾಜು ನಿಮ್ಮ ಗಾಜು, ಈ ಸಲ ಅದಕ್ಕೆ ನೀವೇ ಹೊಣೆ ಅಂದಿದ್ದರೆ ಎಂಥ ಮಾತಾಗುತ್ತಿತ್ತು!

ಅವರ ಬಾಯಲ್ಲೇ

ಗೆಳೆಯ ಓದಲು ಶುರು ಮಾಡಿದಾಗ ನಾನು ತಡೆದು ಇನ್ನೊಮ್ಮೆ ಓದಿಸಿದ ಜಾಗ ಒಂದಿದೆ. ಅದು ಶಾಸನದ ಆರಂಭ. ಬಸದಿಯ ಶಾಸನ ಅಂದರೆ ಜಿನಸ್ತುತಿಯಿಂದ ಶುರುವಾಗಬೇಕು ತಾನೇ? ಇದು ರಾಮಾನುಜರ ಸ್ತುತಿಯಿಂದ ಶುರುವಾಗುತ್ತದೆ. ಅದೂ ಎಂಥ ಸ್ತುತಿ? ಪಾಷಂಡಿಗಳೆಂಬ ಸಾಗರವನ್ನು ಸುಡುವ ಬಡಬಾಗ್ನಿ ಅಂತ. ಪಾಷಂಡಿಗಳು ಅಂದರೆ ವೇದವನ್ನು ಒಪ್ಪದವರು. ಅವರು ಯಾರು ಅಂತ ಆ ಕಾಲದವರಿಗೆ ಬಿಡಿಸಿ ಹೇಳಬೇಕಿರಲಿಲ್ಲ. ಜೈನರನ್ನು ಕಾಪಾಡುವ ಆಜ್ಞೆ, ಜೈನರ ಬಸದಿಯಲ್ಲಿ ನಿಂತ ಕಲ್ಲು, ಅದರ ನೆತ್ತಿಯ ಮೇಲೆ ಈ ಶ್ಲೋಕ. ಬಹಳ ದಿನ ಇದು ನನ್ನನ್ನು ಚುಚ್ಚುತ್ತಿತ್ತು. ದುರ್ಬಲರಿಗೆ ಮಾಡಿದ ಅವಮಾನ ಅನ್ನಿಸುತ್ತಿತ್ತು. ಈಗಲೂ ಸ್ವಲ್ಪ ಹಾಗೇ ಅನ್ನಿಸುತ್ತದೆ.

ಆದರೆ ಪೂರ್ತಿ ಶಾಸನವನ್ನು ಮತ್ತೆ ಓದಿದಾಗ ಇನ್ನೊಂದು ಕಾಣಿಸಿತು. ಈ ಆಜ್ಞೆಯನ್ನು ರಾಜ್ಯದ ಎಲ್ಲ ಬಸದಿಗಳಲ್ಲಿ ಕಲ್ಲು ಹಾಕಿಸಿ ನಡೆಸಬೇಕಾದವರು ಶ್ರೀವೈಷ್ಣವರೇ. ಸೂರ್ಯಚಂದ್ರರು ಇರುವವರೆಗೆ ಜೈನ ದರ್ಶನವನ್ನು ರಕ್ಷಿಸಿಕೊಂಡು ಬರುತ್ತೇವೆ ಅಂತ ಮಾತು ಕೊಡುವವರೂ ಅವರೇ. ರಾಜನ ಹುಕುಂ ಆಗಿ ಶುರುವಾದದ್ದು ನಡುವೆ ಎಲ್ಲೋ ಅವರದೇ ಪ್ರತಿಜ್ಞೆ ಆಗಿಬಿಡುತ್ತದೆ. ಹಾಗಾಗಿ ಕಲ್ಲಿನ ತಲೆಯ ಮೇಲೆ ಅವರ ಗುರುವಿನ ಹೆಸರು ಬಂದಿದೆ. ತಮ್ಮ ಆಚಾರ್ಯರ ಮುಂದೆ ಕೊಟ್ಟ ಮಾತು, ತಪ್ಪಿದರೆ ಆಚಾರ್ಯರಿಗೇ ತಪ್ಪಿದ ಹಾಗೆ. ಕೊನೆಯ ಶಾಪವೂ ಅವರಿಗೆ ತಾಗುವಂಥದ್ದು: ತಪಸ್ವಿಯಾಗಲಿ ಗ್ರಾಮದ ಮುಖ್ಯಸ್ಥನಾಗಲಿ ಇದನ್ನು ಕೆಡಿಸಿದರೆ ಗಂಗೆಯ ತಡಿಯಲ್ಲಿ ಕಪಿಲೆ ಹಸುವನ್ನೂ ಬ್ರಾಹ್ಮಣನನ್ನೂ ಕೊಂದ ಪಾಪಕ್ಕೆ ಹೋಗುತ್ತಾರೆ. ಹೆಸರು ಹಾಕಿಸಿಕೊಂಡವರಲ್ಲಿ ಆಚಾರ್ಯರು ಮಾತ್ರ ಇಲ್ಲ. ತಿರಿಕುಲ, ಜಾಂಬವಕುಲದವರೂ ಇದ್ದಾರೆ. ಊರಾಚೆ ಇಟ್ಟಿದ್ದ ಜನರನ್ನೂ ಸೇರಿಸಿ ಇಡೀ ಸಮಯವನ್ನು, ಅಂದರೆ ಇಡೀ ಪಂಥವನ್ನು, ಒಂದು ಮಾತಿಗೆ ಕಟ್ಟಿಹಾಕಿದ್ದಾರೆ.

ನನಗೆ ಸಿಕ್ಕ ಉತ್ತರ ಇಲ್ಲಿದೆ. ಆಳುವವನು ಧರ್ಮವನ್ನು ಮನೆಯಲ್ಲಿಟ್ಟು ಬರಲಿಲ್ಲ. ಅದನ್ನು ಹಿಡಿದು ಇನ್ನೊಬ್ಬರ ಮೇಲೂ ಹೋಗಲಿಲ್ಲ. ಬಲ ಇದ್ದವರು ಯಾವುದನ್ನು ಪವಿತ್ರ ಅನ್ನುತ್ತಾರೋ ಅದನ್ನೇ ಅವರ ಕೈಗೆ ಕಟ್ಟಿದ. ಹಬ್ಬ ನಿಮ್ಮದು, ಹಾಗಾಗಿ ಹೊಣೆ ನಿಮ್ಮದು. ದೇವರು ನಿಮ್ಮವನು, ಹಾಗಾಗಿ ಆ ದೇವರ ಮೆರವಣಿಗೆ ಹೋದ ದಾರಿಯಲ್ಲಿ ಯಾರ ಗಾಜೂ ಒಡೆಯಬಾರದು. ಗಣಪತಿಗೆ ಜೈಕಾರ ಹಾಕುವವರಿಗೆ ಇದು ಪೊಲೀಸರ ಹತ್ತು ನೋಟಿಸುಗಳಿಗಿಂತ ಜಾಸ್ತಿ ತಟ್ಟುತ್ತದೆ. ಬಲ ಇದ್ದವರು ಊರಿಂದ ಊರಿಗೆ ಬದಲಾಗುತ್ತಾರೆ, ಅದೂ ನಿಜ. ಎಲ್ಲಿ ಯಾರು ಹೆಚ್ಚಿದ್ದಾರೋ ಅಲ್ಲಿ ಅವರಿಗೆ ಇದೇ ಮಾತು.

ಬುಕ್ಕರಾಯ ಒಬ್ಬನೇ ಹೀಗೆ ಮಾಡಿದ್ದಲ್ಲ. ಹಳೇಬೀಡಿನಲ್ಲಿ 1638ರ ಶಾಸನ ಇದೆ. ಅಲ್ಲಿಯ ಪಾರ್ಶ್ವನಾಥ ಬಸದಿಯ ಕಂಬಗಳ ಮೇಲೆ ಹುಚ್ಚಪ್ಪದೇವ ಅನ್ನುವವರು ಲಿಂಗಮುದ್ರೆ ಹಾಕಿದರು, ವಿಜಯಪ್ಪ ಅನ್ನುವ ಜೈನ ಅದನ್ನು ಅಳಿಸಿದ. ಬೇಲೂರು ನಾಯಕರ ಕಾಲ. ವೀರಶೈವರ ಹಿರಿಯರೇ ಕೂತು ತೀರ್ಮಾನಿಸಿದರು: ಜೈನರು ತಮ್ಮ ಪೂಜೆ ಉತ್ಸವಗಳನ್ನು ಹಿಂದಿನಂತೆ ನಡೆಸಲಿ, ಅದಕ್ಕೆ ಅಡ್ಡ ಬಂದವರು ಶಿವದ್ರೋಹಿಗಳು, ಜಂಗಮದ್ರೋಹಿಗಳು. ಮತ್ತೆ ಅದೇ ದಾರಿ. ಜೈನರ ವಿರುದ್ಧ ಹೋದರೆ ಶಿವನಿಗೇ ದ್ರೋಹ. ಆದರೆ ಅಲ್ಲಿ ಒಂದು ಷರತ್ತೂ ಇತ್ತು. ಮೊದಲು ವಿಭೂತಿ ವೀಳ್ಯ ಒಪ್ಪಿಸಿ ಆಮೇಲೆ ತಮ್ಮ ಪೂಜೆ ಮಾಡಬೇಕು ಅಂತ. ದೊಡ್ಡವರು ಕೊಡುವ ರಕ್ಷಣೆಗೆ ಹೀಗೊಂದು ಬೆಲೆ ಅಂಟಿಕೊಂಡೇ ಬರುತ್ತದೆ.

ಮನೆಗೆ ಒಂದು ಹಣ

ಬುಕ್ಕರಾಯನ ಶಾಸನದಲ್ಲೂ ಬೆಲೆ ಇದೆ. ರಾಜ್ಯದ ಜೈನರು ಮನೆಗೊಂದರಂತೆ ವರ್ಷಕ್ಕೆ ಒಂದು ಹಣ ಕೊಡಬೇಕು. ಆ ದುಡ್ಡಿನಲ್ಲಿ ತಿರುಮಲೆಯ ತಾತಯ್ಯನವರು ಬೆಳಗೊಳದ ದೇವರ ಅಂಗರಕ್ಷೆಗೆ ಇಪ್ಪತ್ತು ಆಳುಗಳನ್ನು ಇಡಬೇಕು. ಉಳಿದದ್ದರಲ್ಲಿ ಹಾಳುಬಿದ್ದ ಬಸದಿಗಳಿಗೆ ಸುಣ್ಣ ಹೊಡೆಸಬೇಕು. ಜೈನರ ಒಪ್ಪಿಗೆಯಿಂದಲೇ ಹೀಗೆ ಮಾಡಿದ್ದು ಅಂತ ಶಾಸನ ಹೇಳುತ್ತದೆ.

ಇದನ್ನು ಹೊಗಳಲು ನನ್ನಿಂದ ಆಗುವುದಿಲ್ಲ. ಅನ್ಯಾಯ ಆದದ್ದು ಅವರಿಗೆ, ಕಾವಲಿನ ಖರ್ಚೂ ಅವರದೇ ಅಂದರೆ ಅದು ಅರ್ಧ ನ್ಯಾಯ. ಬಲ ಇದ್ದವರ ಖಾತೆಗೆ ಹಾನಿಯನ್ನು ಬರೆದ ಅರಸ ಕಾವಲಿನ ಸಂಬಳವನ್ನೂ ಅದೇ ಖಾತೆಗೆ ಬರೆಯಬೇಕಿತ್ತು. ಒಪ್ಪಿಗೆ ಅನ್ನುವುದನ್ನೂ ನಾನು ಅಷ್ಟು ಸುಲಭವಾಗಿ ತೆಗೆದುಕೊಳ್ಳುವುದಿಲ್ಲ. ಅಂಗಡಿ ಬೇಗ ಮುಚ್ಚಿ ಅಂದಾಗ ಚಾಚಾ ಕೂಡ ಒಪ್ಪಿಕೊಂಡೇ ಕೂತದ್ದು. ಆದರೂ ಒಂದು ಮಾತು ಹೇಳಬೇಕು. ದುಡ್ಡು ಎತ್ತಿದ್ದು ಯಾರಿಗೆ, ಎಷ್ಟು ಜನ ಆಳು, ಮಿಕ್ಕದ್ದು ಎಲ್ಲಿಗೆ, ಯಾರ ಉಸ್ತುವಾರಿ, ಎಲ್ಲವೂ ಕಲ್ಲಿನ ಮೇಲಿದೆ. ಯಾರು ಬೇಕಾದರೂ ಓದಿ ಕೇಳಬಹುದು. ನಮ್ಮ ಶಾಂತಿ ಸಭೆಗಳಿಗೂ ನಡವಳಿ ಬರೆಯುತ್ತಾರೆ. "ಉಭಯ ಸಮುದಾಯದವರು ಶಾಂತಿಯುತವಾಗಿ ಹಬ್ಬ ಆಚರಿಸಲು ಒಪ್ಪಿದರು" ಅಂತ ಮುಗಿಯುವ ಅದನ್ನು ಹಿಡಿದು ನಾಳೆ ಯಾರನ್ನು ಏನಂತ ಕೇಳುವುದು?

ಕಲ್ಲೆಹದ ಬುಸುವಿಸೆಟ್ಟಿಯ ಹೆಸರನ್ನೂ ಇಲ್ಲಿ ಹೇಳಲೇಬೇಕು. ಶಾಸನದ ಕೊನೆಯಲ್ಲಿ ಬರುತ್ತಾನೆ. ಅರಸನಿಗೆ ಬಿನ್ನಹ ಮಾಡಿ, ತಾತಯ್ಯನವರನ್ನು ಕರೆತಂದು, ಜೀರ್ಣೋದ್ಧಾರ ಮಾಡಿಸಿದವನು ಅವನು. ಎರಡೂ ಸಮಯದವರು ಸೇರಿ ಅವನಿಗೆ ಸಂಘನಾಯಕ ಪಟ್ಟ ಕಟ್ಟಿದರು. ಕಲ್ಲೆಹ ಅಂದರೆ ಮಾಗಡಿ ತಾಲ್ಲೂಕಿನ ಕಲ್ಯ. ಅಲ್ಲೂ ಇದೇ ಆಜ್ಞೆಯ ಕಲ್ಲು ಇದೆ. ದೂರು ಕೊಟ್ಟವನನ್ನು ಗಲಾಟೆ ಎಬ್ಬಿಸುವವನು ಅಂತ ಪಟ್ಟಿಗೆ ಸೇರಿಸದೆ, ಎರಡೂ ಕಡೆಯವರು ಸನ್ಮಾನಿಸಿದರು. ಇದಕ್ಕೆ ಹೆಚ್ಚು ವಿವರಣೆ ಬೇಡ.

ಕೆಳಗಿನ ಅಧಿಕಾರಿ

ಅರಸ ಒಳ್ಳೆಯ ಮಾತು ಹೇಳಬಹುದು. ಊರಿನಲ್ಲಿ ಕೂತು ಅದನ್ನು ನಡೆಸುವವನು ಅಧಿಕಾರಿ. ಇದು ಎಷ್ಟು ಹಳೆಯ ತಲೆನೋವು ಅಂತ ಗೊತ್ತಾಗಬೇಕಾದರೆ ಕಲಬುರಗಿ ಜಿಲ್ಲೆಯ ಸನ್ನತಿಗೆ ಹೋಗಬೇಕು. ಭೀಮಾ ನದಿಯ ದಂಡೆ, ಚಂದ್ರಲಾಂಬಾ ದೇವಸ್ಥಾನ. 1980ರ ದಶಕದಲ್ಲಿ ಅಲ್ಲಿಯ ಕಾಳಿ ಗುಡಿ ಕುಸಿದಾಗ ವಿಗ್ರಹದ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕನ ಶಾಸನ ಸಿಕ್ಕಿತು. ಒಂದು ಬದಿಯಲ್ಲಿರುವುದರಲ್ಲಿ ಹನ್ನೆರಡನೇ ಶಾಸನ ಇದೆ. ತನ್ನ ಪಂಥವನ್ನು ಹೊಗಳಿ ಇನ್ನೊಬ್ಬರದನ್ನು ಹಳಿಯುವವನು ತನ್ನ ಪಂಥಕ್ಕೇ ಕೆಡುಕು ಮಾಡುತ್ತಾನೆ ಅನ್ನುವುದು ಅದರ ಸಾರ. ಇನ್ನೊಂದು ಬದಿಯಲ್ಲಿರುವುದು ಅಧಿಕಾರಿಗಳಿಗೇ ಬರೆದದ್ದು. ಅದರ ಪೂರ್ತಿ ಪಾಠ ಒಡಿಶಾದ ಧೌಲಿಯಲ್ಲಿ ಉಳಿದಿದೆ. ಪ್ರಜೆಗಳೆಲ್ಲ ನನ್ನ ಮಕ್ಕಳು ಅನ್ನುವ ಮಾತು ಅಲ್ಲಿಯದೇ. ಆದರೆ ಅಲ್ಲಿಗೇ ನಿಲ್ಲುವುದಿಲ್ಲ. ಕಾರಣವಿಲ್ಲದೆ ಯಾರೂ ಸೆರೆಗೆ ಬೀಳಬಾರದು, ಯಾರೂ ಹಿಂಸೆಗೆ ಒಳಗಾಗಬಾರದು ಅಂತ ಹೇಳಿ, ಅಧಿಕಾರಿ ದಾರಿ ತಪ್ಪುವುದು ಯಾವುದರಿಂದ ಅಂತಲೂ ಹೇಳುತ್ತಾನೆ. ಅಸೂಯೆ, ಕೋಪ, ಕ್ರೌರ್ಯ, ಅವಸರ. ಇವು ಸರಿ, ಎಲ್ಲರೂ ಹೇಳುತ್ತಾರೆ. ಜೊತೆಗೆ ಆಲಸ್ಯವನ್ನೂ ದಣಿವನ್ನೂ ಸೇರಿಸಿದ್ದಾನೆ.

ದಣಿವು! ಈ ಒಂದು ಪದಕ್ಕೆ ನಾನು ಅಶೋಕನಿಗೆ ಕೈಮುಗಿಯುತ್ತೇನೆ. ನಮ್ಮ ಸಾಹೇಬರಲ್ಲಿ ದ್ವೇಷ ಇರಲಿಲ್ಲ. ಕ್ರೌರ್ಯ ಇರಲಿಲ್ಲ. ಅವತ್ತು ಅವರು ದಣಿದಿದ್ದರು. ಬೆಳಗ್ಗಿಂದ ಇನ್ನೆರಡು ಕಡೆ ಇಂಥದೇ ಸಭೆ ಮುಗಿಸಿ ಬಂದಿದ್ದರು. ಸುಲಭವಾದ ಮಾತು ಬಾಯಿಗೆ ಬಂತು, ಹೇಳಿದರು. ಅನ್ಯಾಯದ ಎಷ್ಟೋ ಪಾಲು ಹೀಗೇ ಆಗುತ್ತದೆ, ಕೆಟ್ಟ ಮನಸ್ಸಿಲ್ಲದೆ. ಆದರೆ ದೇವರ ಹೆಸರಿನಲ್ಲಿ ಆಗಲಿ ಸತ್ಯನಿಷ್ಠೆಯಿಂದ ಆಗಲಿ ಮಾತು ಕೊಟ್ಟವರ ಕೆಳಗೆ ಕೆಲಸ ಮಾಡುವವರಿಗೆ ದಣಿವು ನೆಪವಾಗಬಾರದು, ಮೇಲೆ ಕೂತವರು ಅದನ್ನು ನೆಪವಾಗಲು ಬಿಡಬಾರದು. ಬುಕ್ಕರಾಯನ ಬಿರುದುಗಳಲ್ಲಿ ಭಾಷೆಗೆ ತಪ್ಪುವ ರಾಯರ ಗಂಡ ಅನ್ನುವುದೂ ಒಂದು. ಕೊಟ್ಟ ಮಾತಿಗೆ ತಪ್ಪುವ ಅರಸರನ್ನು ಬಗ್ಗುಬಡಿಯುವವನು ಅಂತ. ಬಿರುದು ಎಲ್ಲರೂ ಹಾಕಿಕೊಳ್ಳುತ್ತಾರೆ. ಈ ಶಾಸನ ನೋಡಿದ ಮೇಲೆ ಅವನಿಗೆ ಅದು ಸಲ್ಲುತ್ತದೆ ಅನ್ನಿಸಿತು.

ಈ ಸಲ ಮೆರವಣಿಗೆಯ ಅನುಮತಿಗೆ ಅರ್ಜಿ ಬರೆಯುವಾಗ ಒಂದು ಸಾಲು ಸೇರಿಸೋಣ ಅಂತ ನಮ್ಮ ಸಮಿತಿಯಲ್ಲಿ ಕೇಳಿದ್ದೇನೆ. ಮೆರವಣಿಗೆಯ ದಾರಿಯಲ್ಲಿ ಯಾರ ಅಂಗಡಿ ಮನೆಗೆ ಏನೇ ಹಾನಿಯಾದರೂ ಅದು ಸಮಿತಿಯ ಹಾನಿ, ಸಮಿತಿಯೇ ಕಟ್ಟಿಕೊಡುತ್ತದೆ, ಪೇಟೆ ಬೀದಿಯಲ್ಲಿ ನಿಂತು ನೋಡಿಕೊಳ್ಳುವವರ ಹೆಸರು ಇಂತಿವೆ ಅಂತ. ಹಿರಿಯರಲ್ಲಿ ಕೆಲವರು ತಕ್ಷಣ ಒಪ್ಪಿದರು. ಹುಡುಗರಲ್ಲಿ ಒಬ್ಬ, ಅವರೇನು ನಮಗೆ ಬರೆದುಕೊಡ್ತಾರಾ ಅಂತ ಕೇಳಿ ಎದ್ದು ಹೋದ. ಇನ್ನೊಬ್ಬ, ಅದೇ ಬೀದಿಯವನು, ತನ್ನ ಹೆಸರನ್ನು ಮೊದಲು ಬರೆಯಿರಿ ಅಂದ. ಅರ್ಜಿ ಇನ್ನೂ ಕೊಟ್ಟಿಲ್ಲ. ಭಾನುವಾರ ಮತ್ತೆ ಕೂರುತ್ತೇವೆ. ಎದ್ದು ಹೋದವನ ಮನೆಗೆ ಅದಕ್ಕೆ ಮುಂಚೆ ಒಮ್ಮೆ ಹೋಗಿ ಬರಬೇಕು.